ನಟಿಗೆ ಸಲ್ಲಬೇಕಾದದ್ದು

"ಸಿನಿಮಾ ಬಿಡಿ ಸಾರ್, ಅದನ್ನು ಯಾರು ಬೇಕಾದರೂ ಮಾಡುತ್ತಾರೆ. ಆಯಮ್ಮ ಆಸ್ಪತ್ರೆ ಕಟ್ಟಿಸಿದರಲ್ಲ, ಅದು ದೊಡ್ಡದು." ಹಿರಿಯ ನಟಿ ಲೀಲಾವತಿಯವರ ಬಗ್ಗೆ ಯಲಹಂಕದ ಒಂದು ಸಣ್ಣ ಸಭೆಯಲ್ಲಿ ಒಬ್ಬರು ಹೀಗೆಂದರು. ಕೂತಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ಆಡಿದವರ ಮನಸ್ಸಿನಲ್ಲಿ ಗೌರವವಿತ್ತು, ಸಂಶಯವಿಲ್ಲ. ಆದರೆ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಕ್ಯಾಮೆರಾದ ಮುಂದೆ ದುಡಿದ ಒಬ್ಬ ಕಲಾವಿದೆಯ ದುಡಿಮೆಯನ್ನು ಇಷ್ಟು ಸುಲಭವಾಗಿ ಪಕ್ಕಕ್ಕೆ ಸರಿಸಿ ಆಕೆಯನ್ನು ಹೊಗಳಬಹುದು ಎಂಬುದೇ ನನ್ನನ್ನು ಕಾಡಿತು. ಡಾಕ್ಟರೊಬ್ಬರು ತೀರಿಕೊಂಡಾಗ "ವೈದ್ಯಕೀಯ ಬಿಡಿ, ದೇವಸ್ಥಾನಕ್ಕೆ ಗಂಟೆ ಕೊಡಿಸಿದ್ದರಲ್ಲ" ಎಂದು ಯಾರೂ ಹೇಳುವುದಿಲ್ಲ. ನಟಿಯ ವಿಷಯದಲ್ಲಿ ಮಾತ್ರ ಹೇಳುತ್ತೇವೆ, ಹೇಳಿ ಸಮಾಧಾನಪಡುತ್ತೇವೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ನಟಿಯನ್ನು ಅಳೆಯಬೇಕಾದದ್ದು ಆಕೆಯ ಅಭಿನಯದಿಂದ. ಆಕೆಯ ಸಂಸಾರದ ಗುಟ್ಟು ಕೆದಕುವವರೂ ಆಕೆಯ ತ್ಯಾಗವನ್ನಷ್ಟೇ ಹಾಡಿ ಹೊಗಳುವವರೂ ಕೊನೆಗೆ ಮಾಡುವುದು ಒಂದೇ ಕೆಲಸ: ಅಭಿನಯದ ಕಡೆ ನೋಡದೆ ಹೋಗುವುದು. ಮೊದಲನೆಯವರದು ಕ್ರೌರ್ಯ, ಎರಡನೆಯವರದು ಪ್ರೀತಿ. ಎರಡರಲ್ಲೂ ನಟಿ ಕಳೆದುಹೋಗುತ್ತಾಳೆ.

ಯಶವಂತಪುರ ದಾಟಿ ತುಮಕೂರು ರಸ್ತೆ ಹಿಡಿದು ನೆಲಮಂಗಲದ ಕಡೆ ಹೋದರೆ ಆ ತಾಲ್ಲೂಕಿನ ಸೋಲದೇವನಹಳ್ಳಿ ಸಿಗುತ್ತದೆ. ಲೀಲಾವತಿ ಮಗ ವಿನೋದ್ ರಾಜ್ ಜೊತೆ ಅಲ್ಲಿ ತೋಟ ಮಾಡಿಕೊಂಡು ಬಾಳಿದರು. ಮದ್ರಾಸಿನಲ್ಲಿದ್ದ ಆಸ್ತಿ ಮಾರಿದ ದುಡ್ಡನ್ನು ಹಾಕಿ ಊರಿಗೆ ಆಸ್ಪತ್ರೆ ಕಟ್ಟಿಸಿದರು. ಹೊಸ ಕಟ್ಟಡವನ್ನು 2022ರಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಉದ್ಘಾಟಿಸಿದರು. ಮುಂದಿನ ವರ್ಷ, ಹಾಸಿಗೆ ಹಿಡಿದಿದ್ದ ಹೊತ್ತಿನಲ್ಲಿ, ದನಕರುಗಳಿಗೆಂದು ಪಶು ಆಸ್ಪತ್ರೆಯೂ ಆಯಿತು. ಅದು ಬಾಗಿಲು ತೆರೆದು ಕೆಲವೇ ದಿನಗಳಲ್ಲಿ, 2023ರ ಡಿಸೆಂಬರ್ 8ರಂದು, ನೆಲಮಂಗಲದ ಖಾಸಗಿ ಆಸ್ಪತ್ರೆಯೊಂದರಲ್ಲಿ ಅವರು ತೀರಿಕೊಂಡರು. ಸರ್ಕಾರಿ ಗೌರವದೊಂದಿಗೆ ಅದೇ ತೋಟದ ಮಣ್ಣಿಗೆ ಸೇರಿದರು. ಇದೆಲ್ಲ ದೊಡ್ಡ ಸಂಗತಿಯೇ. ಜ್ವರ ಬಂದ ಮಗುವನ್ನು ಎತ್ತಿಕೊಂಡು ನೆಲಮಂಗಲಕ್ಕೆ ಓಡಬೇಕಾಗಿದ್ದ ತಾಯಿಗೆ ಊರಲ್ಲೇ ಒಂದು ಬಾಗಿಲು ತೆರೆದಿದೆ ಎಂದರೆ ಅದನ್ನು ಕಡಿಮೆ ಮಾಡಿ ಮಾತಾಡುವ ಅಧಿಕಾರ ಯಾರಿಗೂ ಇಲ್ಲ.

ಆದರೆ ಆ ಆಸ್ಪತ್ರೆಯ ಇಟ್ಟಿಗೆ ಎಲ್ಲಿಂದ ಬಂತು? ಬೆಳ್ತಂಗಡಿಯ ಕಡೆಯ ಬಡ ಹುಡುಗಿ, ಲೀಲಾ ಎಂಬ ಹೆಸರಿನಾಕೆ, ಎಳವೆಯಲ್ಲೇ ಆಸರೆ ಕಳೆದುಕೊಂಡು ಮೈಸೂರಿಗೆ ಬಂದು ಮಹಾಲಿಂಗ ಭಾಗವತರ ನಾಟಕ ಕಂಪನಿ ಸೇರಿದಳು. ಸಣ್ಣಪುಟ್ಟ ಪಾತ್ರಗಳಲ್ಲಿ ತೆರೆಗೆ ಬಂದು, 1958ರ 'ಮಾಂಗಲ್ಯ ಯೋಗ'ದಲ್ಲಿ ನಾಯಕಿಯಾದಳು. 'ರಣಧೀರ ಕಂಠೀರವ' (1960), 'ಕಣ್ತೆರೆದು ನೋಡು' (1961), 'ಗಾಳಿ ಗೋಪುರ' (1962), 'ಕುಲವಧು' (1963) ಎಂದು ಸಾಲಾಗಿ ದೊಡ್ಡ ಚಿತ್ರಗಳು ಬಂದವು. ಕನ್ನಡ, ತಮಿಳು, ತೆಲುಗು, ಮಲಯಾಳಂ ಎಲ್ಲ ಸೇರಿ 600ಕ್ಕೂ ಹೆಚ್ಚು ಚಿತ್ರಗಳು ಎಂಬುದು ಪತ್ರಿಕೆಗಳು ಕೊಡುವ ಲೆಕ್ಕ. ಆಸ್ಪತ್ರೆಯ ಒಂದೊಂದು ಗೋಡೆಯ ಹಿಂದೆಯೂ ಮೇಕಪ್ ಹಚ್ಚಿಕೊಂಡು ನಿಂತ ಒಂದೊಂದು ಬೆಳಗಿನ ಜಾವವಿದೆ. "ಸಿನಿಮಾ ಬಿಡಿ" ಎಂದರೆ ಬಿಡುವುದು ಯಾವುದನ್ನು?

ಆಕೆಯ ಅಭಿನಯವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎಂ.ಕೆ. ಇಂದಿರಾ ಅವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ 'ಗೆಜ್ಜೆಪೂಜೆ'ಯನ್ನು ಕಲ್ಪನಾ ಅವರ ಚಿತ್ರವೆಂದೇ ನಾವು ನೆನೆಯುತ್ತೇವೆ. ನಿಜ, ಚಂದ್ರಾಳ ದುಃಖ ಮರೆಯುವಂಥದ್ದಲ್ಲ. ಆದರೆ ಆ ದುಃಖ ನಮಗೆ ನಿಜವೆನ್ನಿಸುವುದು ಚಂದ್ರಾಳ ತಾಯಿ ಅಪರ್ಣಾಳಿಂದ. ಆ ಪಾತ್ರ ಲೀಲಾವತಿಯವರದು. ಸೂಳೆಗೇರಿಯ ಮನೆಯಲ್ಲಿ ಬೆಳೆದವಳು, ಪ್ರೀತಿಸಿ ಮೋಸಹೋದವಳು, ಮಗಳಿಗಾದರೂ ಮದುವೆ-ಮನೆ ಎಂಬ ಬಾಳು ಸಿಗಲಿ ಎಂದು ಹಂಬಲಿಸುವವಳು. ಹಿಂದೆ ಗೆಜ್ಜೆಪೂಜೆ ಮಾಡಿಸಲೇಬೇಕೆಂಬ ಹಿರಿಯಳ ಹಟ, ಮುಂದೆ ಓದುತ್ತಿರುವ ಮಗಳ ಕನಸು. ಎರಡರ ನಡುವೆ ನಿಂತ ಹೆಂಗಸಿಗೆ ಕೂಗಾಡುವ ಹಕ್ಕಿಲ್ಲ, ಸುಮ್ಮನಿರುವ ಧೈರ್ಯವೂ ಇಲ್ಲ. ಈ ಪಾತ್ರಕ್ಕೆ ಕಣ್ಣೀರಿಗಿಂತ ಹೆಚ್ಚಾಗಿ ಬೇಕಾದದ್ದು ಅಳುಕು. ಮಗಳ ಮುಖವನ್ನು ನೇರ ನೋಡಲಾಗದ ತಾಯಿಯ ಅಳುಕನ್ನು ಲೀಲಾವತಿ ಕುತ್ತಿಗೆಯ ಬಾಗಿನಲ್ಲಿ, ಮಾತು ಮುಗಿಯುವ ಮೊದಲೇ ಕುಗ್ಗುವ ದನಿಯಲ್ಲಿ ತಂದಿದ್ದಾರೆ. ಕಂಪನಿ ನಾಟಕದಲ್ಲಿ ಕೊನೆಯ ಸಾಲಿಗೂ ಮುಟ್ಟುವಂತೆ ಮಾತಾಡಿ ಬೆಳೆದ ನಟಿಯೊಬ್ಬರು ಕ್ಯಾಮೆರಾಕ್ಕೆ ತಕ್ಕಂತೆ ತನ್ನ ದನಿಯನ್ನು ಇಷ್ಟು ಇಳಿಸಿಕೊಂಡರು ಎಂಬುದೇ ಒಂದು ಪಾಠ. 1969-70ರ ಸಾಲಿನ ಶ್ರೇಷ್ಠ ಪೋಷಕ ನಟಿ ರಾಜ್ಯ ಪ್ರಶಸ್ತಿ ಈ ಪಾತ್ರಕ್ಕೆ ಬಂತು.

ಕೆಲವು ವರ್ಷ ಬಿಟ್ಟು ಬಂದ 'ನಾಗರಹಾವು' (1972) ಚಿತ್ರದಲ್ಲಿ ಅವರು ಚಾಮಯ್ಯ ಮೇಷ್ಟ್ರ ಹೆಂಡತಿ. ಕೆ.ಎಸ್. ಅಶ್ವತ್ಥ್ ಅವರ ಮೇಷ್ಟ್ರು ಎಲ್ಲರ ನೆನಪಿನಲ್ಲಿದ್ದಾರೆ. ಚಿತ್ರದ ನಾಯಕ ರಾಮಾಚಾರಿ ಏಕೆ ಮತ್ತೆ ಮತ್ತೆ ಆ ಮನೆಗೇ ಬರುತ್ತಾನೆ ಎಂಬುದಕ್ಕೆ ಅರ್ಧ ಉತ್ತರ ಆ ಮನೆಯ ಒಡತಿ. ಹೆತ್ತ ಮಗನಲ್ಲದ ಒರಟು ಹುಡುಗನನ್ನು ಬೈಯದೆ, ತಿದ್ದಲು ಹೋಗದೆ, ಬಂದೆಯಾ ಎಂದು ಒಳಗೆ ಕರೆದುಕೊಳ್ಳುವ ಆ ಸಲೀಸು ನಟನೆಯೆಂದೇ ಕಾಣುವುದಿಲ್ಲ. ನಟನೆ ಎಂದು ಕಾಣದಿರುವುದರಿಂದಲೇ ನಾವು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ನಾವು ಲೆಕ್ಕಕ್ಕೆ ಹಿಡಿಯದಿರಲು ಇನ್ನೊಂದು ಕಾರಣವೂ ಇದೆ. ಅದು ಚಿತ್ರರಂಗವೇ ಮಾಡಿದ ಅನ್ಯಾಯ. 1960ರಲ್ಲಿ ರಾಜಕುಮಾರ್ ಅವರಿಗೆ ನಾಯಕಿಯಾದ ಲೀಲಾವತಿ 1976ರ 'ನಾ ನಿನ್ನ ಮರೆಯಲಾರೆ' ಹೊತ್ತಿಗೆ ಅದೇ ರಾಜಕುಮಾರ್ ಅವರ ತಾಯಿಯಾದರು. ನಾಯಕನಿಗಿಂತ ಸುಮಾರು ಎಂಟು ವರ್ಷ ಚಿಕ್ಕವರು ತಾಯಿ. ನಾಯಕನಿಗಿಂತ ಇಪ್ಪತ್ತಕ್ಕೂ ಹೆಚ್ಚು ವರ್ಷ ಚಿಕ್ಕವರಾದ ಲಕ್ಷ್ಮಿ ನಾಯಕಿ. ಪಂಡರಿಬಾಯಿ ಅವರದೂ ಇದೇ ಕಥೆ. 1954ರ 'ಬೇಡರ ಕಣ್ಣಪ್ಪ'ದಲ್ಲಿ ಕಣ್ಣಪ್ಪನ ಹೆಂಡತಿ, 1986ರ 'ಅನುರಾಗ ಅರಳಿತು'ವಿನಲ್ಲಿ ನಾಯಕನ ತಾಯಿ. ಅವರದೂ ರಾಜಕುಮಾರ್ ಅವರದೂ ಹೆಚ್ಚುಕಡಿಮೆ ಒಂದೇ ವಯಸ್ಸು. ಇದು ಒಬ್ಬ ನಾಯಕನಟನ ತಪ್ಪಲ್ಲ. ಗಂಡಿನ ವಯಸ್ಸನ್ನು ಅನುಭವವೆಂದೂ ಹೆಣ್ಣಿನ ವಯಸ್ಸನ್ನು ಮುಪ್ಪೆಂದೂ ಬಗೆದ ನಿರ್ಮಾಪಕರು, ಹಂಚಿಕೆದಾರರು, ಟಿಕೆಟ್ ಕೊಂಡ ನಾವು ಎಲ್ಲರೂ ಸೇರಿ ಮಾಡಿದ್ದು. ನಲವತ್ತು ತುಂಬುವ ಮೊದಲೇ ತಲೆಗೆ ಬಿಳಿ ಬಳಿದುಕೊಂಡ ನಟಿಯನ್ನು ಜನ ಕ್ರಮೇಣ ನಟಿ ಎನ್ನುವುದನ್ನೇ ಬಿಟ್ಟು 'ಅಮ್ಮ' ಎಂದರು. ಅಮ್ಮನನ್ನು ಯಾರು ವಿಮರ್ಶೆ ಮಾಡುತ್ತಾರೆ? ಅಮ್ಮನಿಗೆ ಕೈಮುಗಿಯುತ್ತಾರೆ, ಅಷ್ಟೇ.

ಈಗ ನಾನು ಗೌರವಿಸುವ ಎರಡು ಆಕ್ಷೇಪಗಳ ಮಾತು.

ಮೊದಲನೆಯದು: ತಾರೆಯ ಬದುಕನ್ನೂ ಕಲೆಯನ್ನೂ ಬೇರೆ ಮಾಡಲಾಗದು. ಪ್ರೇಕ್ಷಕ ಪ್ರೀತಿಸುವುದು ಪಾತ್ರವನ್ನಷ್ಟೇ ಅಲ್ಲ, ಆ ಮುಖದ ಹಿಂದಿನ ಮನುಷ್ಯರನ್ನು. ಆ ಪ್ರೀತಿಯಿಂದಲೇ ತಾರೆ ತಾರೆಯಾಗುವುದು. ಹಾಗಾಗಿ ಸಾರ್ವಜನಿಕ ವರ್ಚಸ್ಸೂ ಆಕೆಯ ಸಾಧನೆಯ ಭಾಗವೇ. ಈ ಮಾತಿನಲ್ಲಿ ಹುರುಳಿದೆ. ಫ್ರಾನ್ಸಿನ ಬ್ರಿಜಿತ್ ಬಾರ್ದೋ ಇದಕ್ಕೆ ದೊಡ್ಡ ನಿದರ್ಶನ. 1956ರ ಒಂದೇ ಚಿತ್ರದಿಂದ ಜಗತ್ತಿಗೆಲ್ಲ ಗೊತ್ತಾದವರು, 1973ರಲ್ಲಿ, ಇನ್ನೂ 39 ತುಂಬುವ ಮೊದಲು, ನಟನೆ ಬಿಟ್ಟರು. ಪ್ರಾಣಿಗಳ ರಕ್ಷಣೆಗೆ 1986ರಲ್ಲಿ ಪ್ರತಿಷ್ಠಾನ ಕಟ್ಟಿದರು. ಮರುವರ್ಷ ತಮ್ಮ ಒಡವೆ ವಸ್ತುಗಳನ್ನು ಹರಾಜು ಹಾಕಿ ಅದಕ್ಕೆ ಹಣ ಹೊಂದಿಸಿದರು. ಮದ್ರಾಸಿನ ಆಸ್ತಿ ಮಾರಿ ಸೋಲದೇವನಹಳ್ಳಿಯಲ್ಲಿ ಆಸ್ಪತ್ರೆ ಕಟ್ಟಿಸಿದವರ ನೆನಪಾಗದಿರದು. ಮುಂದೆ ಅದೇ ಬಾರ್ದೋ ಜನಾಂಗ ದ್ವೇಷ ಕೆರಳಿಸುವ ಮಾತುಗಳಿಗಾಗಿ ಕೋರ್ಟಿನಲ್ಲಿ ಪದೇ ಪದೇ ದಂಡ ತೆತ್ತರು. ಇದನ್ನೆಲ್ಲ ಬಿಟ್ಟು ಬಾರ್ದೋ ಕಥೆ ಹೇಳಲಾಗದು, ಒಪ್ಪಿದೆ. ಆದರೆ ಫ್ರಾನ್ಸಿನಲ್ಲಿ ಇದರ ಜೊತೆಗೆ ಇನ್ನೊಂದೂ ನಡೆದಿತ್ತು. ಬಾರ್ದೋಗೆ 25 ತುಂಬುವ ಮೊದಲೇ, 1959ರಲ್ಲಿ, ಆ ಕಾಲದ ದೊಡ್ಡ ಚಿಂತಕಿ ಸಿಮೋನ್ ದ ಬೋವಾ ಆಕೆಯ ಬಗ್ಗೆ ಒಂದು ಗಂಭೀರ ಪ್ರಬಂಧ ಬರೆದರು. ಪರದೆಯ ಮೇಲಿನ ಆ ಹೆಣ್ಣು ಗಂಡಸರನ್ನು ಏಕೆ ಕಂಗೆಡಿಸುತ್ತಾಳೆ ಎಂದು ಕೇಳಿದರು. ಗಾಳಿಸುದ್ದಿ ಅಲ್ಲೂ ಇತ್ತು, ಬೇಕಾದಷ್ಟಿತ್ತು. ಆದರೆ ಗಾಳಿಸುದ್ದಿಯ ಪಕ್ಕದಲ್ಲೇ ಚಿಂತನೆಯೂ ನಿಂತಿತ್ತು. ಕನ್ನಡದಲ್ಲಿ ನಿರ್ದೇಶಕರಾದ ಪುಟ್ಟಣ್ಣನವರ ಬಗ್ಗೆ, ಕಾಸರವಳ್ಳಿಯವರ ಬಗ್ಗೆ ಒಳ್ಳೆಯ ವಿಮರ್ಶೆ ಬೆಳೆದಿದೆ. ಅವರ ಚಿತ್ರಗಳಿಗೆ ಜೀವ ಕೊಟ್ಟ ನಟಿಯರ ಬಗ್ಗೆ ಅಷ್ಟೇ ಶ್ರದ್ಧೆಯ ಬರಹ ತೀರಾ ವಿರಳ. ವರ್ಚಸ್ಸು ಕಲೆಯ ಜೊತೆ ಬರಲಿ, ನನ್ನ ತಕರಾರಿಲ್ಲ; ಕಲೆಯ ಬದಲಿಗೆ ಬರಬಾರದು.

ಎರಡನೆಯ ಆಕ್ಷೇಪ ಇನ್ನೂ ಬಿಗಿಯಾದದ್ದು: ಆ ಕಾಲದ ಚಿತ್ರಗಳು ಹೆಣ್ಣಿಗೆ ಕೊಟ್ಟದ್ದೇ ಪತಿವ್ರತೆ, ಸೊಸೆ, ಅಳುವ ತಾಯಿ ಎಂಬ ಮೂರು ಅಚ್ಚು. ಅಚ್ಚಿನಲ್ಲಿ ಎರಕ ಹೊಯ್ದ ಪಾತ್ರದಲ್ಲಿ ಕಲೆ ಹುಡುಕುವುದು ಏಕೆ? ಹೀಗೆ ಕೇಳುವವರು ನಟಿಯರ ಪರವಾಗಿಯೇ ಮಾತಾಡುತ್ತಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದು. ನನ್ನ ಉತ್ತರ ಇಷ್ಟೇ: ಜಾಗ ಕಿರಿದಾದಷ್ಟೂ ಅಲ್ಲಿ ಹೆಜ್ಜೆ ಹಾಕಿದವರ ಕಸುಬು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಅಳುವ ತಾಯಿಯನ್ನು ಕನ್ನಡದಲ್ಲಿ ನೂರು ಜನ ಮಾಡಿದ್ದಾರೆ; ಅಪರ್ಣಾಳನ್ನು ಒಬ್ಬರೇ ಮಾಡಿದ್ದು. ಅಚ್ಚು ಮುರಿಯಲು ಅವಕಾಶ ಸಿಕ್ಕಾಗ ನಮ್ಮ ನಟಿಯರು ಏನು ಮಾಡಬಲ್ಲರು ಎಂಬುದಕ್ಕೆ ಉಮಾಶ್ರೀ ಸಾಕ್ಷಿ. ಚಿತ್ರರಂಗ ಅವರನ್ನು ವರ್ಷಗಟ್ಟಲೆ ದ್ವಂದ್ವಾರ್ಥದ ಹಾಸ್ಯಕ್ಕೆ ಕಟ್ಟಿಹಾಕಿತು. ಅತ್ತ ರಂಗದ ಮೇಲೆ ದೇವನೂರ ಮಹಾದೇವರ 'ಒಡಲಾಳ'ದ ಸಾಕವ್ವನಾಗಿ ಅವರು ನಿಂತಾಗ ನೋಡಿದವರು ಬೆರಗಾದರು. ಕಾಸರವಳ್ಳಿಯವರ 'ಗುಲಾಬಿ ಟಾಕೀಸ್'ನಲ್ಲಿ ನಾಯಕಿಯಾಗಿ ರಾಷ್ಟ್ರಪ್ರಶಸ್ತಿಯನ್ನೇ ತಂದರು. ಕಲೆ ಮೊದಲೂ ಇತ್ತು. ನಾವು ಕೊಟ್ಟ ಪಾತ್ರ ಸಣ್ಣದಿತ್ತು. ಇನ್ನು 1973ರ 'ಕಾಡು' ಚಿತ್ರಕ್ಕಾಗಿ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಪಡೆದ ನಂದಿನಿ ಭಕ್ತವತ್ಸಲ ಅವರ ಹೆಸರು ಇವತ್ತು ಎಷ್ಟು ಕನ್ನಡಿಗರಿಗೆ ಗೊತ್ತು? ಕನ್ನಡ ಚಿತ್ರವೊಂದಕ್ಕೆ ಆ ಗೌರವ ತಂದುಕೊಟ್ಟವರು ಅವರು. ಅವರ ಸುತ್ತ ಗಾಳಿಸುದ್ದಿ ಇರಲಿಲ್ಲ. ಆದ್ದರಿಂದ ನೆನಪೂ ಉಳಿಯಲಿಲ್ಲ.

ನಟಿಯರು ಸಾರ್ವಜನಿಕ ವ್ಯಕ್ತಿಗಳು, ಅವರ ಮಲಗುವ ಕೋಣೆಯೂ ಜನರ ಸೊತ್ತು ಎನ್ನುವವರ ವಾದ ವಾದವೇ ಅಲ್ಲ; ಅದು ಇಣುಕಿ ನೋಡುವ ಚಟ.

ಈ ಚಟ ಲೀಲಾವತಿಯವರನ್ನು ಬದುಕಿನುದ್ದಕ್ಕೂ ಬೆನ್ನಟ್ಟಿತು. ಅವರ ಮಗನ ತಂದೆ ಯಾರು ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಪತ್ರಿಕೆ, ಟೀವಿ, ಅಂಗಡಿ ಕಟ್ಟೆ, ಮೊಬೈಲು ಎಲ್ಲ ಕಡೆ ದಶಕಗಳ ಕಾಲ ವಿಚಾರಣೆ ನಡೆಸಿದರು. ಆಕೆ ಮಗನನ್ನು ಒಬ್ಬಂಟಿಯಾಗಿ ಸಾಕಿದರು. 1987ರಲ್ಲಿ ಅದೇ ಮಗ 'ಡ್ಯಾನ್ಸ್ ರಾಜ ಡ್ಯಾನ್ಸ್' ಚಿತ್ರದ ನಾಯಕನಾದರು. ಅಷ್ಟಾದರೂ ಆ ಪ್ರಶ್ನೆ ನಿಲ್ಲಲಿಲ್ಲ. ಆಕೆ ಉಸಿರು ನಿಲ್ಲಿಸಿದ ಮೇಲೂ, ತೋಟದಲ್ಲಿ ಇನ್ನೂ ಮಣ್ಣು ಹಸಿಯಾಗಿರುವಾಗಲೂ, ಮೈಕು ಹಿಡಿದವರು ಅದನ್ನೇ ಕೇಳುತ್ತಿದ್ದರು. ಒಬ್ಬ ಗಂಡು ನಟನ ಸಾವಿನ ದಿನ ಇಂಥ ಪ್ರಶ್ನೆಯನ್ನು ಯಾರಾದರೂ ಕೇಳುತ್ತಾರೆಯೇ? ಕೇಳಿದವರನ್ನು ಅಭಿಮಾನಿಗಳು ಅಲ್ಲಿ ನಿಲ್ಲಲು ಬಿಡುತ್ತಾರೆಯೇ? ಈ ಬರಹದಲ್ಲಿ ಆ ಪ್ರಶ್ನೆಗೆ ಜಾಗವಿಲ್ಲ. ಓದುಗರು ಆ ಪ್ರಶ್ನೆಯ ನೆನಪಾದಾಗಲೆಲ್ಲ ಬದಲಿಗೆ ಆಕೆಯ ಒಂದು ಪಾತ್ರವನ್ನು ನೆನೆಯಲಿ ಎಂದು ಕೇಳಿಕೊಳ್ಳುತ್ತೇನೆ.

ಇದು ಒಬ್ಬರ ಕಥೆಯಲ್ಲ. 'ಶರಪಂಜರ'ದ ಕಾವೇರಿ, ಹೆರಿಗೆಯ ನಂತರ ಮನಸ್ಸು ಕದಡಿದ ಹೆಣ್ಣು, ಭಾರತೀಯ ಚಿತ್ರರಂಗದಲ್ಲೇ ಆ ಕಾಲಕ್ಕೆ ಅಪರೂಪದ ಪಾತ್ರ. ಅದನ್ನು ಕಟ್ಟಿಕೊಟ್ಟ ಕಲ್ಪನಾ ಎಂದರೆ ನಮಗೆ ಸೀರೆ, ಬಳೆ, 1979ರ ಸಾವು. ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ರಷ್ಯಾದ ಚಿತ್ರಕಾರ ಸ್ವೆತಸ್ಲಾವ್ ರೋರಿಕ್ ಜೊತೆ ಬಾಳಿ 1994ರಲ್ಲಿ ತೀರಿಕೊಂಡ ದೇವಿಕಾ ರಾಣಿ ಎಂದರೆ 1933ರ 'ಕರ್ಮ' ಚಿತ್ರದ ಚುಂಬನ. ಗಂಡ ಹಿಮಾಂಶು ರಾಯ್ 1940ರಲ್ಲಿ ತೀರಿಕೊಂಡ ಮೇಲೆ ಬಾಂಬೆ ಟಾಕೀಸ್ ಎಂಬ ದೊಡ್ಡ ಸ್ಟುಡಿಯೋವನ್ನು ಆಕೆ ಮುಂದೆ ನಿಂತು ನಡೆಸಿದರು. ದಿಲೀಪ್ ಕುಮಾರ್‌ಗೆ ಮೊದಲ ಅವಕಾಶ ಕೊಟ್ಟದ್ದು ಆ ಸ್ಟುಡಿಯೋ. ಮೊದಲ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದದ್ದು ಆಕೆಗೆ. ಎಸ್ಟೇಟಿನ ಆಸ್ತಿ ವ್ಯಾಜ್ಯದ ಬಗ್ಗೆ ಬಂದ ಸುದ್ದಿಯ ಒಂದು ಪಾಲಿನಷ್ಟಾದರೂ ಈ ಕೆಲಸದ ಬಗ್ಗೆ ನಮ್ಮಲ್ಲಿ ಬಂದಿದೆಯೇ?

ಯುರೋಪಿನವರು ಈ ವಿಷಯದಲ್ಲಿ ಪರಿಶುದ್ಧರು ಎಂದು ಯಾರೂ ತಿಳಿಯಬೇಕಾಗಿಲ್ಲ. ಲೀಲಾವತಿಯವರ ಓರಗೆಯ ರೋಮಿ ಶ್ನೈಡರ್, 1938ರಲ್ಲಿ ಹುಟ್ಟಿದವರು, ಹದಿಹರೆಯದಲ್ಲಿ 'ಸಿಸ್ಸಿ' ಚಿತ್ರಗಳ ಮುದ್ದು ರಾಣಿಯಾಗಿ ಜರ್ಮನ್ ಮಾತಾಡುವ ನಾಡುಗಳ ಮನೆಮಗಳಾದರು. ಆ ಕಿರೀಟ ಕಳಚಿಟ್ಟು ಫ್ರಾನ್ಸಿಗೆ ಹೋಗಿ ಕಷ್ಟದ ಪಾತ್ರಗಳನ್ನು ಆರಿಸಿಕೊಂಡಾಗ ತವರು ನಾಡಿನ ಪತ್ರಿಕೆಗಳು ಸಹಿಸಲಿಲ್ಲ. ಆಕೆಯ ಪ್ರೇಮ, ವಿಚ್ಛೇದನ, 1981ರಲ್ಲಿ ಮಗನ ಸಾವು ಎಲ್ಲವೂ ಮಾರಾಟದ ಸರಕಾದವು. ಮರುವರ್ಷ 43ನೆಯ ವಯಸ್ಸಿಗೆ ಆಕೆ ತೀರಿಕೊಂಡರು. ಆದರೆ ಮರೆಯಬಾರದ ಮಾತೊಂದಿದೆ. ಫ್ರೆಂಚ್ ಚಿತ್ರರಂಗದ ಸೀಸರ್ ಪ್ರಶಸ್ತಿ 1976ರಲ್ಲಿ ಶುರುವಾದಾಗ ಮೊದಲ ಶ್ರೇಷ್ಠ ನಟಿ ಪ್ರಶಸ್ತಿ ಸಂದದ್ದು ಆಕೆಗೆ. ತೀರಿಕೊಂಡ ಎರಡೇ ವರ್ಷಕ್ಕೆ ಆಕೆಯ ಹೆಸರಿನಲ್ಲಿ, ಹೊಸ ನಟಿಯರಿಗೆಂದೇ, ಪ್ರಶಸ್ತಿಯೊಂದು ಹುಟ್ಟಿತು. ಗಾಳಿಸುದ್ದಿ ಕೊಂದದ್ದನ್ನು ಕಸುಬಿನವರು ಉಳಿಸಿಕೊಂಡರು. ನಾವು ಕಲಿಯಬೇಕಾದದ್ದು ಇದನ್ನು.

ನಮ್ಮ ಉತ್ತರ ಬೆಂಗಳೂರನ್ನೇ ನೋಡಿ. ಯಶವಂತಪುರದಾಚೆ ಕಂಠೀರವ ಸ್ಟುಡಿಯೋದ ಆವರಣದಲ್ಲಿ ರಾಜಕುಮಾರ್, ಅಂಬರೀಶ್, ಪುನೀತ್ ಅವರ ಸಮಾಧಿಗಳಿವೆ. ನಿರ್ಮಾಪಕಿಯಾಗಿ ದೊಡ್ಡ ಹೆಸರು ಮಾಡಿದ ಪಾರ್ವತಮ್ಮನವರದೂ ಇದೆ. ಜನ ಸಾಲುಗಟ್ಟಿ ಬರುತ್ತಾರೆ. ಅದು ಸರಿಯೇ, ಅವರಿಗೆ ಆ ಗೌರವ ಸಲ್ಲಬೇಕು. ಲೀಲಾವತಿಯವರ ಸ್ಮಾರಕ ಇರುವುದು ಅವರದೇ ತೋಟದಲ್ಲಿ, ಕಟ್ಟಿಸಿದ್ದು ಅವರ ಮಗ. ನಟಿಯ ನೆನಪನ್ನು ಕಾಯುವ ಹೊಣೆ ಮನೆಯವರದು, ನಟನ ನೆನಪನ್ನು ಕಾಯುವ ಹೊಣೆ ನಾಡಿನದು ಎಂಬ ಈ ಹಂಚಿಕೆಯನ್ನು ಯಾರೂ ಕೂತು ನಿರ್ಧರಿಸಿಲ್ಲ. ನಮ್ಮ ಮನಸ್ಸು ಎಲ್ಲಿದೆ ಎಂಬುದನ್ನು ಅದು ತಾನಾಗಿ ತೋರಿಸುತ್ತದೆ.

ಆದರೂ ಕಲ್ಲಿನ ಸ್ಮಾರಕಕ್ಕಿಂತ ನನಗೆ ಮುಖ್ಯವಾದದ್ದು ಚಿತ್ರಗಳ ಉಳಿವು. ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನ', ಇಂದು ನೋಡಲು ಸಿಗುವುದಿಲ್ಲ. ಅದರ ಒಂದು ಪ್ರತಿಯೂ ಉಳಿದಿಲ್ಲ. ಸುಲೋಚನೆಯಾಗಿ ನಟಿಸಿದ ತ್ರಿಪುರಾಂಬ, ಕನ್ನಡದ ಮೊದಲ ನಾಯಕಿ, ಹೇಗೆ ನಡೆಯುತ್ತಿದ್ದರು, ಮಾತನ್ನು ಎಲ್ಲಿ ನಿಲ್ಲಿಸುತ್ತಿದ್ದರು, ನಗುವಾಗ ಮುಖ ಹೇಗಿರುತ್ತಿತ್ತು ಎಂದು ಇನ್ನು ಮುಂದೆ ಯಾವ ಕನ್ನಡಿಗನಿಗೂ ತಿಳಿಯದು. ಚಿತ್ರ ಹೋದರೆ ನಟಿ ಎರಡನೆಯ ಸಲ ಸಾಯುತ್ತಾಳೆ. ಆಮೇಲೆ ಉಳಿಯುವುದು ಗಾಳಿಸುದ್ದಿ ಮಾತ್ರ, ಏಕೆಂದರೆ ಅದನ್ನು ಉಳಿಸಲು ಯಾರೂ ದುಡ್ಡು ಹಾಕಬೇಕಾಗಿಲ್ಲ. 1950 ಮತ್ತು 60ರ ದಶಕದ ಎಷ್ಟೋ ಕನ್ನಡ ಚಿತ್ರಗಳು ಇಂದು ಮಸುಕು ಮಸುಕಾಗಿ, ಅಲ್ಲಲ್ಲಿ ತುಂಡಾಗಿ, ಕರಕರ ಸದ್ದಿನೊಂದಿಗೆ ಮೊಬೈಲಿನಲ್ಲಿ ಸಿಗುತ್ತವೆ. ಅದನ್ನು ನೋಡಿ ನಟಿಯ ಕಣ್ಣಿನ ಚಲನೆಯನ್ನು ಹೇಗೆ ಗುರುತಿಸುವುದು?

ಆದ್ದರಿಂದ ನನ್ನ ಕೋರಿಕೆಗಳು ನೇರವಾಗಿವೆ. ರಾಜ್ಯ ಸರ್ಕಾರವೂ ಚಲನಚಿತ್ರ ಅಕಾಡೆಮಿಯೂ ಹಳೆಯ ಕನ್ನಡ ಚಿತ್ರಗಳನ್ನು ಹುಡುಕಿ, ಶುಚಿಮಾಡಿ, ಜನರಿಗೆ ಸಿಗುವಂತೆ ಮಾಡಲಿ. ಬೆಂಗಳೂರು ಚಿತ್ರೋತ್ಸವದಲ್ಲಿ ನಿರ್ದೇಶಕರ ಅವಲೋಕನ ಇರುವಂತೆ ನಟಿಯರ ಅವಲೋಕನವೂ ಇರಲಿ: ಪಂಡರಿಬಾಯಿ, ಲೀಲಾವತಿ, ಕಲ್ಪನಾ, ಉಮಾಶ್ರೀ ಒಬ್ಬೊಬ್ಬರಿಗೆ ಒಂದೊಂದು ವರ್ಷ. ಹೆಸರಘಟ್ಟದ ಸರ್ಕಾರಿ ಚಿತ್ರ ಮತ್ತು ಟೀವಿ ಸಂಸ್ಥೆಯ ಮಕ್ಕಳು ಪರದೇಶದ ದೊಡ್ಡ ನಟಿಯರನ್ನು ಓದುವ ಜೊತೆಗೆ, ನೆರೆಯ ಜಿಲ್ಲೆಯ ಮಣ್ಣಿನಲ್ಲೇ ಮಲಗಿರುವ ನಟಿಯ ಅಭಿನಯವನ್ನೂ ದೃಶ್ಯ ದೃಶ್ಯವಾಗಿ ಬಿಡಿಸಿ ಓದಲಿ. ಪತ್ರಿಕೆಗಳು ಶ್ರದ್ಧಾಂಜಲಿ ಬರೆಯುವಾಗ ಮೊದಲ ಪ್ಯಾರಾದಲ್ಲಿ ಮದುವೆಯ ಬದಲು ಪಾತ್ರದ ಹೆಸರು ಬರೆಯಲಿ.

ಓದುಗರಲ್ಲಿ ಒಂದು ಮಾತು. ಸೋಲದೇವನಹಳ್ಳಿಯ ಆಸ್ಪತ್ರೆಗೆ ಹೋದರೆ ಖಂಡಿತ ಕೈಮುಗಿಯಿರಿ. ಆದರೆ ಲೀಲಾವತಿಯವರಿಗೆ ಸಲ್ಲಬೇಕಾದದ್ದು ಅಲ್ಲಿಗೆ ಮುಗಿಯುವುದಿಲ್ಲ. ಈ ಭಾನುವಾರ 'ಗೆಜ್ಜೆಪೂಜೆ' ಹಾಕಿಕೊಂಡು, ಈ ಸಲ ಮಗಳನ್ನಲ್ಲ, ತಾಯಿಯನ್ನು ನೋಡಿ. ನೋಡಿದ ಮೇಲೆ ನಾಲ್ಕು ಜನರ ಹತ್ತಿರ ಅದರ ಬಗ್ಗೆಯೇ ಮಾತಾಡಿ.